ಒಳಗೆ ಸವರಿ, ಹೊರಗೆ ಬಿಟ್ಟ ಬೇಲಿ

ಕಳೆದ ಏಪ್ರಿಲ್ ಕೊನೆಯಲ್ಲಿ ಊರಿಗೆ ಹೋದಾಗ ಅಪ್ಪ ಜಗಲಿಯಲ್ಲಿ ಕೂತು ತಂತಿಬೇಲಿಯ ಖರ್ಚಿನ ಲೆಕ್ಕ ಹಾಕುತ್ತಿದ್ದರು. ನಮ್ಮದು ಹೊಸನಗರ ತಾಲ್ಲೂಕಿನ ಒಳಗಿನ ಒಂದು ಊರು. ಮನೆ, ಅಂಗಳ, ಕೊಟ್ಟಿಗೆ, ಅದರಾಚೆ ಎರಡೂವರೆ ಎಕರೆ ಅಡಿಕೆ ತೋಟ. ತೋಟದ ಒಂದು ಬದಿಗೆ ಹಳ್ಳ. ಉಳಿದ ಮೂರು ಬದಿಗೆ ಅಜ್ಜಯ್ಯನ ಕಾಲದ ಗಿಡದ ಬೇಲಿ. ನಾನು ಚಿಕ್ಕವನಿದ್ದಾಗ ಮನೆಗೆ ಬಂದ ನೆಂಟರೆಲ್ಲ ಆ ಬೇಲಿಯನ್ನು ಹೊಗಳಿಯೇ ಹೋಗುತ್ತಿದ್ದರು. ಎದೆಮಟ್ಟಕ್ಕೆ ಹಗ್ಗ ಹಿಡಿದು ಕತ್ತರಿಸಿದಂತೆ ಸಮನಾಗಿದ್ದ ಅದರ ತಲೆ, ತೋಟದ ಕಡೆಗೆ ಗೋಡೆಯ ಹಾಗೆ ನೇರವಾಗಿದ್ದ ಅದರ ಮೈ ನಮ್ಮ ಮನೆಯ ಅಚ್ಚುಕಟ್ಟಿನ ಗುರುತಾಗಿದ್ದವು.

"ಇನ್ನು ಸವರೋಕೆ ಯಾರನ್ನ ಕರ್ಯೋದು? ಒಂದ್ಸಲ ತಂತಿ ಎಳೆಸಿದ್ರೆ ಹತ್ತು ವರ್ಷ ಆ ಕಡೆ ತಿರುಗಿ ನೋಡೋದು ಬೇಡ" ಎಂದರು ಅಪ್ಪ. ಆ ಬೇಲಿಯನ್ನು ನಲವತ್ತು ವರ್ಷ ಸವರಿದ ಹಿರಿಯರೊಬ್ಬರು ಅಂಗಳದ ಕಟ್ಟೆಯ ಮೇಲೆ ಕೂತಿದ್ದರು. ಮನೆಯಲ್ಲಿ ಅವರನ್ನು ಎಲ್ಲರೂ ಹೆಸರು ಹಿಡಿದು, ಏಕವಚನದಲ್ಲೇ ಕರೆಯುವುದು. ನಾನೂ ಹಾಗೆಯೇ ಕರೆದು ಬೆಳೆದವನು. ಇಲ್ಲಿ ಹೆಸರು ಹಾಕಬೇಡಿ ಎಂದಿದ್ದಾರೆ, ಹಾಗಾಗಿ ಹಿರಿಯರು ಎಂದೇ ಬರೆಯುತ್ತೇನೆ. ಮಂಡಿ ನೋವಿನಿಂದ ಅವರು ಕೆಲಸ ಬಿಟ್ಟು ಎರಡು ವರ್ಷವಾಗಿತ್ತು. ಅಪ್ಪನ ಲೆಕ್ಕವನ್ನೆಲ್ಲ ಕೇಳಿಸಿಕೊಂಡು, "ಹಾಕ್ಸಿ ಒಡೇರೆ. ಸೊಪ್ಪು ಎಲ್ಲಿಂದ ತರ್ಸ್ತೀರಿ?" ಎಂದರು.

ಅಪ್ಪ ಉತ್ತರ ಕೊಡಲಿಲ್ಲ. ನನಗೆ ಮಾತ್ರ ಆ ಪ್ರಶ್ನೆ ಅಂಟಿಕೊಂಡಿತು. ಮಲೆನಾಡಿನ ಹಿಡುವಳಿಗಳ ಚರಿತ್ರೆಯ ಮೇಲೆ ಪಿಎಚ್.ಡಿ. ಮಾಡುತ್ತಿರುವ ನಾನು ನಾಲ್ಕು ವರ್ಷಗಳಿಂದ ಕಂದಾಯ, ಗೇಣಿ, ಸರ್ವೆ ಎಂದು ಕಡತ ಓದುತ್ತಿದ್ದೇನೆ. ಆ ಹಿಡುವಳಿಗಳ ಅಂಚಿನಲ್ಲಿ ನಿಂತ ಬೇಲಿಯನ್ನು ಒಂದು ದಿನವೂ ಚರಿತ್ರೆಯ ವಸ್ತು ಎಂದುಕೊಂಡಿರಲಿಲ್ಲ. ಗಿಡವನ್ನು ಯಾರು ಕತ್ತರಿಸಬಹುದು, ಎಷ್ಟು ಕತ್ತರಿಸಬಹುದು, ಕತ್ತರಿಸಿದ್ದು ಯಾರ ಪಾಲಿಗೆ ಹೋಗುತ್ತದೆ ಎಂಬ ಮೂರು ಪ್ರಶ್ನೆ ಹಿಡಿದು ನೋಡಿದರೆ ಸಾಗರ, ಹೊಸನಗರ, ತೀರ್ಥಹಳ್ಳಿಯ ಕಡೆಯ ನಾನೂರು ವರ್ಷದ ಚರಿತ್ರೆ ಬೇರೆ ರೀತಿ ಕಾಣಿಸುತ್ತದೆ. ಈ ಬರಹ ಆ ನೋಟದ್ದು. ಕೊನೆಗೆ ಅದು ನಮ್ಮ ಮನೆಯ ಬೇಲಿಯ ಬುಡಕ್ಕೇ ಬಂದು ನಿಂತಿತು.

ಮೊದಲು ಬೇಲಿಯ ಕೆಲಸ ಎಂದರೇನು ಎನ್ನುವುದನ್ನು ಹೇಳಬೇಕು. ನಮ್ಮ ಕಡೆ ಬೇಲಿಯ ಸುತ್ತ ಒಂದು ಪದಕೋಶವೇ ಇದೆ. ತೋಟದ ಸುತ್ತ ತೋಡಿದ ಕಂದಕ ಅಗಳು. ಅಗಳಿನ ಮಣ್ಣು ಎತ್ತಿಹಾಕಿ ಮಾಡಿದ ಏರಿ ಧರೆ. ಧರೆಯ ಮೇಲೆ ಬೇಲಿ. ಬೇಲಿಯ ನಡುವೆ ದನ ನುಗ್ಗದಂತೆ, ಮನುಷ್ಯರು ದಾಟುವಂತೆ ಅಡ್ಡಗಳು ಸರಿಸುವ ಬಾಗಿಲು ಸಾಗರದ ಕಡೆ ದಣಪೆ, ತೀರ್ಥಹಳ್ಳಿಯ ಕಡೆ ಉಣುಗೋಲು. ಕುವೆಂಪು ಕಾದಂಬರಿಗಳನ್ನು ಓದಿದವರಿಗೆ ಉಣುಗೋಲಿನ ಪರಿಚಯ ಇದ್ದೇ ಇರುತ್ತದೆ. ಗಿಡ ಕತ್ತರಿಸುವುದಕ್ಕೂ ಒಂದೇ ಮಾತಿಲ್ಲ. ಮರವನ್ನಾದರೆ ಕಡಿಯುವುದು, ಗೊಬ್ಬರಕ್ಕಾದರೆ ಸೊಪ್ಪು ಕೊಯ್ಯುವುದು, ಬೇಲಿಯನ್ನಾದರೆ ಸವರುವುದು. ಸವರುವುದು ಎಂದರೆ ನೇವರಿಸುವುದೂ ಹೌದು. ಸೊಂಟದ ಕೊಕ್ಕೆಗೆ ಸಿಕ್ಕಿಸಿದ ಕತ್ತಿ ತೆಗೆದು, ಕೆಳಗಿನಿಂದ ಮೇಲಕ್ಕೆ ಓರೆಯಾಗಿ ಬೀಸುತ್ತ ಹೋಗುವವರ ಕೈ ನೋಡಿದರೆ ಆ ಪದ ಯಾಕೆ ಬಂತು ಎಂದು ತಿಳಿಯುತ್ತದೆ.

ಬೇಲಿಗೆ ಬೇಕಾದ್ದು ಕೋಲು ನೆಟ್ಟರೆ ಬೇರು ಬಿಡುವ ಗಿಡ, ದನ ಬಾಯಿ ಹಾಕದ ಗಿಡ, ಕಡಿದಷ್ಟೂ ಕವಲೊಡೆಯುವ ಗಿಡ. ದಾಸವಾಳ, ಹಾಲವಾಣ, ಗೊಬ್ಬರದ ಗಿಡ ಎಂದು ನಾವು ಕರೆಯುವ ಗ್ಲಿರಿಸಿಡಿಯ ಕೋಲಿನಿಂದಲೇ ಏಳುತ್ತವೆ. ಲಕ್ಕಿ, ಆಡುಸೋಗೆಗಳನ್ನು ದನ ಮೂಸಿ ಬಿಡುತ್ತದೆ. ಮುಂಗಾರಿನ ಮೊದಲ ಮಳೆಗೆ ನೆಡಬೇಕು. ಗಿಡ ಮೊಣಕಾಲುದ್ದ ಬಂದ ಕೂಡಲೇ ತುದಿ ಚಿವುಟಬೇಕು. ತುದಿಯ ಮೊಗ್ಗು ಇರುವ ತನಕ ಗಿಡದ ಬಲವೆಲ್ಲ ಮೇಲಕ್ಕೇ ಹೋಗುತ್ತದೆ; ಅದನ್ನು ತೆಗೆದರೆ ಕೆಳಗೆ ಮಲಗಿದ್ದ ಪಕ್ಕದ ಮೊಗ್ಗುಗಳು ಏಳುತ್ತವೆ. ಬೇಲಿ ಬುಡದಿಂದ ದಟ್ಟವಾಗುವುದು ಹಾಗೆ. ಬುಡ ಅಗಲ, ತಲೆ ಸಪೂರ ಇರುವಂತೆ ಸವರಬೇಕು. ಇಲ್ಲದಿದ್ದರೆ ಕೆಳಗಿನ ರೆಂಬೆಗೆ ಬಿಸಿಲು ತಾಗದೆ ಬುಡ ಬೋಳಾಗಿ, ಅಲ್ಲೇ ಹಂದಿ ದಾರಿ ಮಾಡಿಕೊಳ್ಳುತ್ತದೆ. ತೋಟದ ಪಡುವಣ ಬದಿಯ ಬೇಲಿಯನ್ನು ಮಾತ್ರ ಎತ್ತರಕ್ಕೆ ಬಿಡುತ್ತಾರೆ. ಮಧ್ಯಾಹ್ನದ ಮೇಲಿನ ಬಿಸಿಲು ನೇರ ಬಡಿದರೆ ಅಡಿಕೆ ಮರದ ಕಾಂಡ ಸುಟ್ಟು ಸೀಳುತ್ತದೆ. ಇವನ್ನೆಲ್ಲ ಯಾವ ಪುಸ್ತಕವೂ ನನಗೆ ಹೇಳಿರಲಿಲ್ಲ, ಹಿರಿಯರು ಹೇಳಿದರು. ಸವರಿದ ಸೊಪ್ಪು ಹೊರೆಯಾಗಿ ಕೊಟ್ಟಿಗೆಗೆ ಹೋಗುತ್ತಿತ್ತು. ದನದ ಕಾಲಡಿಗೆ ಹಾಸಿ, ಸಗಣಿ ಗಂಜಲದಲ್ಲಿ ನೆನೆದು, ಗೊಬ್ಬರಗುಂಡಿಯಲ್ಲಿ ಕೊಳೆತು ಅಡಿಕೆಯ ಬುಡಕ್ಕೆ ಸೇರುತ್ತಿತ್ತು. ಅವರ ಪ್ರಶ್ನೆಯ ಅರ್ಥ ಅದು.

ಇನ್ನು ಹಿಂದಕ್ಕೆ ಹೋಗೋಣ. ಈ ಮೂರೂ ತಾಲ್ಲೂಕುಗಳು ಕೆಳದಿ ನಾಯಕರ ನಾಡು. ಕೆಳದಿ ಮತ್ತು ಇಕ್ಕೇರಿ ಸಾಗರದ ಬಳಿ, ಕವಲೇದುರ್ಗ ತೀರ್ಥಹಳ್ಳಿ ತಾಲ್ಲೂಕಿನಲ್ಲಿ, ಬಿದನೂರು ಇಂದಿನ ಹೊಸನಗರ ತಾಲ್ಲೂಕಿನ ನಗರ. 17ನೆಯ ಶತಮಾನದ ಮೊದಲರ್ಧದಲ್ಲಿ ರಾಜಧಾನಿ ಬಯಲಿನಂತಿದ್ದ ಇಕ್ಕೇರಿಯಿಂದ ಬಿದನೂರಿಗೆ ಸರಿಯಿತು. ಬಿದನೂರು ಮೊದಲು ಬಿದಿರುಹಳ್ಳಿ, ಬಿದಿರಿನ ಊರು. ಸುತ್ತಲ ಗುಡ್ಡ, ದಟ್ಟ ಕಾಡು, ಕಾವಲಿಟ್ಟ ಕಣಿವೆದಾರಿಗಳೇ ಆ ಪಟ್ಟಣದ ಮೊದಲ ಕೋಟೆ ಎಂದು ಅದನ್ನು ಬಣ್ಣಿಸಿದವರೆಲ್ಲ ಹೇಳುತ್ತಾರೆ. ಅಂದರೆ ಅಲ್ಲಿ ಬೇಲಿಯ ಬಲ ಇದ್ದದ್ದು ಕತ್ತಿ ತಾಗದೆ ಉಳಿದದ್ದರಲ್ಲಿ. ಹೈದರಾಲಿ 1763ರಲ್ಲಿ ಬಿದನೂರನ್ನು ಹಿಡಿದ ಮೇಲೆ ಅದು ಹೈದರನಗರವಾಯಿತು, ಆಮೇಲೆ ಬರಿಯ ನಗರ.

ಗಿಡವನ್ನೇ ಕೋಟೆ ಮಾಡುವ ಈ ಉಪಾಯ ಮಲೆನಾಡಿನದು ಮಾತ್ರವಲ್ಲ. ಶ್ರೀರಂಗಪಟ್ಟಣದ ಹೊರಗೆ ಮುಳ್ಳುಗಿಡಗಳ ದಟ್ಟ ಬೇಲಿಯೊಂದು ದೊಡ್ಡ ಆವರಣವಾಗಿ ಸುತ್ತುವರಿದಿತ್ತು. 1792ರ ಫೆಬ್ರವರಿ 6ರ ರಾತ್ರಿ ಕಾರ್ನ್‌ವಾಲಿಸನ ಸೈನ್ಯ ಟಿಪ್ಪುವಿನ ಪಾಳೆಯದ ಮೇಲೆ ಬಿದ್ದಾಗ ಮೊದಲು ದಾಟಬೇಕಾದದ್ದು ಆ ಬೇಲಿಯನ್ನೇ. ಅದಕ್ಕಿಂತ ವಿಚಿತ್ರವಾದದ್ದು ಮುಂದಿನ ಶತಮಾನದಲ್ಲಿ ಬ್ರಿಟಿಷರೇ ಬೆಳೆಸಿದ ಉಪ್ಪಿನ ಬೇಲಿ. ತೆರಿಗೆ ಕೊಡದ ಉಪ್ಪು ಒಳಗೆ ಬರಬಾರದೆಂದು ಸಿಂಧೂ ನದಿಯ ಕಡೆಯಿಂದ ಮಹಾನದಿಯ ತನಕ ಸುಮಾರು 2,300 ಮೈಲಿ ಸುಂಕದ ಗಡಿ ಎಳೆದು, ಅದರ ಬಹುಭಾಗಕ್ಕೆ ಮುಳ್ಳುಗಿಡಗಳ ಬೇಲಿ ಬೆಳೆಸಿ, 12,000ದಷ್ಟು ಜನರನ್ನು ಕಾವಲಿಟ್ಟಿದ್ದರು. ಆ ಬೇಲಿಯನ್ನು ನೆಟ್ಟು, ಸವರಿ, ದಟ್ಟ ಮಾಡುವ ಕೆಲಸಕ್ಕೆ ಉತ್ಸಾಹದಿಂದ ನಿಂತವರು ಅಲನ್ ಆಕ್ಟೇವಿಯನ್ ಹ್ಯೂಮ್. ಮುಂದೆ 1885ರಲ್ಲಿ ಕಾಂಗ್ರೆಸ್ ಸ್ಥಾಪನೆಗೆ ಕಾರಣರಾದ ಅದೇ ಹ್ಯೂಮ್. 1879ರಲ್ಲಿ ಸುಂಕದ ಗಡಿಯನ್ನು ರದ್ದು ಮಾಡಿದರು. ಸವರುವವರು ಹೊರಟುಹೋದ ಮೇಲೆ ಅಷ್ಟುದ್ದದ ಬೇಲಿ ನೆಲದ ಮೇಲೆ ಗುರುತು ಸಿಗದಂತೆ ಕರಗಿಹೋಯಿತು. ಕಲ್ಲಿನ ಕೋಟೆ ಆಳುವವರು ಹೋದ ಮೇಲೂ ನಿಲ್ಲುತ್ತದೆ. ಗಿಡದ ಕೋಟೆಯ ಆಯುಷ್ಯ ಅದನ್ನು ನೋಡಿಕೊಳ್ಳುವ ಕೂಲಿಯಷ್ಟೇ.

ಅರಸರ ಬೇಲಿ ಹೀಗಾದರೆ, ಒಕ್ಕಲಿನ ಬೇಲಿಯ ದಾರಿ ಬೇರೆ. 1645ರಿಂದ 1660ರ ತನಕ ಆಳಿದ ಶಿವಪ್ಪ ನಾಯಕನ ಹೆಸರು ನಮ್ಮಲ್ಲಿ ಇಂದಿಗೂ ನಿಂತಿರುವುದು ಯುದ್ಧಕ್ಕಿಂತ ಹೆಚ್ಚಾಗಿ ಶಿಸ್ತಿಗೆ. ಭೂಮಿಯನ್ನು ಅಳತೆ ಮಾಡಿಸಿ, ಮಣ್ಣಿನ ಗುಣ ನೋಡಿ ದರ್ಜೆ ಮಾಡಿ ಕಂದಾಯ ಕಟ್ಟಿದ ವ್ಯವಸ್ಥೆಯೇ 'ಶಿಸ್ತು'. ಮನೆಮಾತಿನ ಶಿಸ್ತಿಗೂ ಆ ಕಂದಾಯಕ್ಕೂ ನಮ್ಮ ಸೀಮೆಯಲ್ಲಿ ಹೀಗೆ ನಂಟು. ಆದರೆ ಯಾವ ಶಿಸ್ತೂ ಅಡಿಕೆ ತೋಟವನ್ನು ಅದರ ಅಂಚಿನೊಳಗೇ ನಿಲ್ಲಿಸಲಾರದು. ತೋಟ ತಾನು ತಿನ್ನುವ ಸೊಪ್ಪನ್ನು ತಾನೇ ಬೆಳೆಯುವುದಿಲ್ಲ. ಒಂದು ಎಕರೆ ತೋಟಕ್ಕೆ ಹಲವು ಎಕರೆ ಸೊಪ್ಪಿನ ಬೆಟ್ಟ ಬೇಕು. ಮಳೆಗಾಲದಲ್ಲಿ ಹಸಿ ಸೊಪ್ಪು, ಬೇಸಿಗೆಯಲ್ಲಿ ಉದುರಿದ ದರಗು. 1801ರಲ್ಲಿ ಫ್ರಾನ್ಸಿಸ್ ಬುಕಾನನ್ ಈ ಸೀಮೆಯಲ್ಲಿ ಹಾದುಹೋದಾಗ ಅಡಿಕೆ, ಮೆಣಸಿನ ತೋಟಗಳ ಕೆಲಸವನ್ನು ಕಂಡು ಬರೆದಿಟ್ಟ. 1807ರಲ್ಲಿ ಅಚ್ಚಾದ ಅವನ ಮೂರು ಸಂಪುಟಗಳು ಮಲೆನಾಡಿನ ಚರಿತ್ರೆ ಓದುವ ಯಾರೂ ತಪ್ಪಿಸಿಕೊಳ್ಳಲಾಗದ ಆಕರ.

19ನೆಯ ಶತಮಾನದ ಎರಡನೆಯ ಭಾಗದಲ್ಲಿ ಎರಡು ಹೊಸ ಇಲಾಖೆಗಳು ಬಂದವು. ಒಂದು ಅರಣ್ಯ, ಇನ್ನೊಂದು ಸರ್ವೆ. ಮೈಸೂರಿನಲ್ಲಿ ಕಂದಾಯ ಸರ್ವೆಯ ಕೆಲಸ 1863ರಲ್ಲಿ ಶುರುವಾಯಿತು. ಸರಪಳಿ ಎಳೆದು, ನಂಬರು ಕೊಟ್ಟು, ಮೂಲೆಗಳಿಗೆ ಬಾಂದು ಕಲ್ಲು ನೆಟ್ಟರು. ಅಲ್ಲಿಯ ತನಕ ಗಡಿ ಎಂದರೆ ಹಳ್ಳ, ಧರೆ, ಇಂಥ ಮರ, ಇಂಥವರ ಬೇಲಿ. ಇನ್ನು ಮುಂದೆ ಗಡಿ ಎಂದರೆ ಕಾಗದದ ಮೇಲಿನ ಗೆರೆ. ಸೊಪ್ಪಿನ ಬೆಟ್ಟ, ಕಾನುಗಳು ಈ ಎರಡು ಇಲಾಖೆಗಳ ನಡುವೆ ಉಳಿದವು. ನೆಲ ಸರ್ಕಾರದ್ದು, ಸೊಪ್ಪು ಕೊಯ್ಯುವ, ಕೆಳಗೆ ಬಿದ್ದದ್ದನ್ನು ಆರಿಸುವ ಸವಲತ್ತು ಮಾತ್ರ ತೋಟದವನದು. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 79ನೆಯ ಕಲಂ ಹಳೆಯ ಮೈಸೂರು ಭಾಗದ ಕಾನು, ಸೊಪ್ಪಿನ ಬೆಟ್ಟಗಳ ಸವಲತ್ತನ್ನು ಹೆಸರು ಹೇಳಿಯೇ ಉಳಿಸಿದೆ. ಮರದ ಒಡೆತನ ಇಲ್ಲದೆಯೂ ಅದರ ರೆಂಬೆ ಕೊಯ್ಯುವ ಹಕ್ಕು ಎಂಬುದು ಒಂದು ವಿಶಿಷ್ಟ ಹಕ್ಕು. ಆ ಹಕ್ಕು ಉಳಿಯಬೇಕಾದರೆ ಮರವೂ ಉಳಿಯಬೇಕು. ತಲೆ ಬಿಟ್ಟು ರೆಂಬೆ ಕೊಯ್ದರೆ ಮರ ಮತ್ತೆ ಚಿಗುರುತ್ತದೆ. ಬೋಳಿಸಿದರೆ ಬೆಟ್ಟ ಬೋಳಾಗುತ್ತದೆ. ಎರಡಕ್ಕೂ ಸಾಗರದ ಸುತ್ತಮುತ್ತ ಉದಾಹರಣೆ ಬೇಕಾದಷ್ಟಿದೆ.

ಆದರೆ ಇಲ್ಲೇ ಒಂದು ಮಾತು ಮರೆಯಾಗುತ್ತದೆ. ಸವಲತ್ತು ಪಡೆದವನು ತೋಟದ ಯಜಮಾನ. ಮರ ಹತ್ತಿದವನು, ಹೊರೆ ಹೊತ್ತವಳು ಬೇರೆ. ಕೊಟ್ಟಿಗೆ ಇದ್ದೂ ತೋಟ ಇಲ್ಲದವರಿಗೆ ಸೊಪ್ಪಿನ ಬೆಟ್ಟ ಇರಲಿಲ್ಲ. ಅವರಿಗೆ ಇದ್ದದ್ದು ದಾರಿಬದಿಯ ಗಿಡ, ಯಾರದೋ ಬೇಲಿಯ ಹೊರಮೈ.

ಕತ್ತರಿಸಿದ ಸೊಪ್ಪು ಯಾರಿಗೂ ಬೇಡವಾದ ಬೇಲಿಯೊಂದು ಇದೇ ಕಾಲದಲ್ಲಿ ಬಂತು. ಅದು ಬಂಗಲೆಯ ಬೇಲಿ. ಗಿಡವನ್ನು ಆಕಾರಕ್ಕೆ ಕತ್ತರಿಸುವ ಹವ್ಯಾಸ ಯುರೋಪಿನಲ್ಲಿ ಬಹಳ ಹಳೆಯದು. ರೋಮಿನ ಕಿರಿಯ ಪ್ಲಿನಿ ಒಂದನೆಯ ಶತಮಾನದ ಸುಮಾರಿಗೆ ತನ್ನ ತೋಟದಲ್ಲಿ ಪ್ರಾಣಿಗಳ ಆಕಾರಕ್ಕೆ ಕತ್ತರಿಸಿದ ಗಿಡಗಳಿದ್ದ ಸಂಗತಿಯನ್ನು ಕಾಗದದಲ್ಲಿ ಬರೆದಿದ್ದಾನೆ. ಹೈದರಾಲಿ 1760ರಲ್ಲಿ ಶುರು ಮಾಡಿದ ಬೆಂಗಳೂರಿನ ಲಾಲ್‌ಬಾಗಿನ ಮೂಲಕ, ಅಲ್ಲಿ ಬೆಳೆದ ಮಾಲಿಗಳ ಮೂಲಕ, 1893ರಲ್ಲಿ ಭಾರತಕ್ಕೆ ಬಂದ ಜರ್ಮನಿಯ ಗುಸ್ತಾವ್ ಕ್ರುಂಬಿಗೆಲ್ ಅವರಂಥವರ ಮೂಲಕ ತೋಟ ಎಂದರೆ ನೋಡುವ ವಸ್ತು ಎಂಬ ಕಲ್ಪನೆ ನಮ್ಮ ರಾಜ್ಯದ ಊರೂರಿಗೆ ಇಳಿಯಿತು. ಸಾಗರದಲ್ಲೋ ತೀರ್ಥಹಳ್ಳಿಯಲ್ಲೋ ಸರ್ಕಾರಿ ಕಚೇರಿಯ, ಪ್ರವಾಸಿ ಮಂದಿರದ ಮುಂದೆ ಇಂದಿಗೂ ಆ ಬೇಲಿ ಇದೆ. ಡುರಾಂಟದ ಹಳದಿ ಎಲೆಯ ಗಿಡ, ಎರಡು ಕೈಯ ದೊಡ್ಡ ಕತ್ತರಿ, ಪೆಟ್ಟಿಗೆಯಂಥ ಆಕಾರ. ಕತ್ತರಿಸಿದ್ದನ್ನು ಗುಡಿಸಿ ಮೂಲೆಯಲ್ಲಿ ಸುಡುತ್ತಾರೆ. ಆ ಬೇಲಿ ದನವನ್ನೂ ತಡೆಯುವುದಿಲ್ಲ, ಕೊಟ್ಟಿಗೆಗೂ ಬರುವುದಿಲ್ಲ. ಒಳಗೆ ಯಾರು ಬರಬಹುದು, ಯಾರು ಹೊರಗೆ ನಿಂತು ಕಾಯಬೇಕು ಎಂದು ಮಾತ್ರ ಹೇಳುತ್ತದೆ. ನಮ್ಮ ಅಜ್ಜಯ್ಯ ತೋಟದ ಬೇಲಿಯ ತಲೆಗೆ ಹಗ್ಗ ಹಿಡಿಸಿ ಸಮ ಮಾಡಿಸಲು ಶುರು ಮಾಡಿದ್ದು ತಾಲ್ಲೂಕು ಕಚೇರಿಗೆ ಓಡಾಡಲು ಶುರು ಮಾಡಿದ ಮೇಲೆ ಎಂದು ಅಮ್ಮ ನಗುತ್ತ ಹೇಳುವುದುಂಟು.

ಹೀಗೆ ಅಲಂಕಾರದ ಬೇಲಿಗೆಂದು ಬಂದ ಗಿಡಗಳಲ್ಲಿ ಒಂದು ಲಂಟಾನ. ಅಮೆರಿಕದ ಉಷ್ಣ ಪ್ರದೇಶದ ಈ ಗಿಡವನ್ನು 19ನೆಯ ಶತಮಾನದ ಆರಂಭದಲ್ಲಿ ಕಲ್ಕತ್ತದ ಸಸ್ಯೋದ್ಯಾನಕ್ಕೆ ತಂದರು. ಬಣ್ಣದ ಹೂ, ಮುಳ್ಳಿನ ಕಾಂಡ, ದನ ಮುಟ್ಟದ ಎಲೆ. ಬೇಲಿಗೆ ಇದಕ್ಕಿಂತ ಇನ್ನೇನು ಬೇಕು? ಆದರೆ ಹಕ್ಕಿಗಳು ಅದರ ಹಣ್ಣು ತಿಂದು ಬೀಜವನ್ನು ಎಲ್ಲೆಲ್ಲೂ ಉದುರಿಸಿದವು. ಇವತ್ತು ಬೇಲಿಯಿಂದ ತಪ್ಪಿಸಿಕೊಂಡ ಆ ಗಿಡ ದೇಶದ ಕಾಡುಗಳನ್ನೇ ಮುತ್ತಿಕೊಂಡಿದೆ. ಬೇಲಿಯೇ ಎದ್ದು ಹೊಲ ಮೇಯುವುದು ಎಂಬ ಗಾದೆಯನ್ನು ನಾವು ಅಧಿಕಾರಿಗಳ ಬಗ್ಗೆ, ಆಳುವವರ ಬಗ್ಗೆ ಬಳಸುತ್ತೇವೆ. ಲಂಟಾನದ ಮಟ್ಟಿಗೆ ಅದು ನಡೆದದ್ದೇ. ನಮ್ಮ ಮನೆಯ ಮಟ್ಟಿಗೂ ಅದು ನಡೆದದ್ದೇ ಎಂದು ಮೇ ತಿಂಗಳಲ್ಲಿ ಗೊತ್ತಾಯಿತು.

ಅದನ್ನು ಹೇಳುವ ಮೊದಲು ಅಳತೆಯ ಬಗ್ಗೆ ಇನ್ನೆರಡು ಮಾತು. ನಮ್ಮ ತಾಲ್ಲೂಕುಗಳ 20ನೆಯ ಶತಮಾನದ ದೊಡ್ಡ ಘಟನೆಗಳೆಲ್ಲ ಒಂದಲ್ಲ ಒಂದು ರೀತಿ ಅಳತೆಗೆ ಸಂಬಂಧಿಸಿದವು. 1951ರ ಏಪ್ರಿಲಿನಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹ ಹೂಡಿದ್ದು ಕೊಳಗದ ವಿಷಯಕ್ಕೆ. ಗೇಣಿ ಅಳೆಯುವ ಕೊಳಗ ರೂಢಿಯ ಕೊಳಗಕ್ಕಿಂತ ದೊಡ್ಡದಿತ್ತು. ಎಚ್. ಗಣಪತಿಯಪ್ಪ, ಶಾಂತವೇರಿ ಗೋಪಾಲಗೌಡರಂಥವರು ನಿಂತ ಆ ಹೋರಾಟಕ್ಕೆ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಮೋಸ ಬೇರೆಲ್ಲೂ ಇರಲಿಲ್ಲ, ಎಲ್ಲರ ಕಣ್ಣೆದುರಿಗೆ ಇದ್ದ ಒಂದು ಪಾತ್ರೆಯ ಗಾತ್ರದಲ್ಲಿತ್ತು. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿ ಗೇಣಿದಾರರನ್ನು ನೆಲದ ಒಡೆಯರನ್ನಾಗಿಸಿತು. ನಡುವೆ 1964ರಲ್ಲಿ ಲಿಂಗನಮಕ್ಕಿ ಕಟ್ಟೆ ಮುಗಿದು ಶರಾವತಿಯ ನೀರು ಸಾಗರ, ಹೊಸನಗರಗಳ ಎಷ್ಟೋ ಊರುಗಳ ತೋಟ, ಧರೆ, ಬೇಲಿಗಳ ಮೇಲೆ ನಿಂತಿತು. ಕಡು ಬೇಸಿಗೆಯಲ್ಲಿ ನೀರು ಇಳಿದಾಗ ಮಡೆನೂರಿನ ಹಳೆಯ ಹಿರೇಭಾಸ್ಕರ ಅಣೆಕಟ್ಟೆ ಮೇಲೆ ಕಾಣಿಸುತ್ತದೆ. ಜನ ನೋಡಲು ಹೋಗುತ್ತಾರೆ. ಬೇಲಿ ಕಾಣಿಸುವುದಿಲ್ಲ. ಮುಳುಗಡೆಯಾಗಿ ಬೇರೆ ಕಡೆ ಎಬ್ಬಿಸಿದವರು ಹೊಸ ನೆಲದಲ್ಲಿ ಬೇಲಿ ಹಾಕಿ, ಮರ ಬೆಳೆಸಿ, ಎರಡು ತಲೆಮಾರು ಬದುಕಿದ ಮೇಲೂ ಆ ನೆಲ ಕಾಗದದಲ್ಲಿ ಅವರದಾಗುವ ಜಗಳ ಮುಗಿದಿಲ್ಲ. ಒಬ್ಬರ ಬೇಲಿಯನ್ನು ಕಾಗದ ನಂಬುವುದಿಲ್ಲ. ಇನ್ನೊಬ್ಬರ ಬೇಲಿಯನ್ನು ಯಾರೂ ಅಳೆದೇ ನೋಡುವುದಿಲ್ಲ.

ನಮ್ಮದು ಎರಡನೆಯ ಬಗೆಯದು.

ತಂತಿ ಎಳೆಯುವ ಮೊದಲು ಹದ್ದುಬಸ್ತು ಮಾಡಿಸಿಬಿಡೋಣ ಎಂದವರು ಅಪ್ಪನೇ. ಕಲ್ಲುಕಂಬಕ್ಕೆ ದುಡ್ಡು ಸುರಿದ ಮೇಲೆ ತಕರಾರು ಬರಬಾರದು ಎನ್ನುವುದು ಅವರ ಯೋಚನೆ. ಸರ್ವೆಯವರು ಬಂದು ನಕ್ಷೆ ಹಿಡಿದು ಬಾಂದು ಕಲ್ಲು ಹುಡುಕಿದರು. ಮೂಡಣ ಬದಿಯ ಎರಡು ಕಲ್ಲುಗಳು ಬೇಲಿಯಲ್ಲಿ ಸಿಗಲಿಲ್ಲ. ಕೊನೆಗೆ ಸಿಕ್ಕಿದ್ದು ತೋಟದ ಒಳಗೆ, ಅಡಿಕೆಯ ಕೊನೆಯ ಸಾಲಿಗಿಂತ ಈಚೆ, ಗೊಬ್ಬರದ ಅಡಿಯಲ್ಲಿ. ಹಗ್ಗ ಹಿಡಿದಾಗ ಲೆಕ್ಕ ಸ್ಪಷ್ಟವಾಯಿತು. ಸುಮಾರು 300 ಅಡಿ ಉದ್ದಕ್ಕೆ ನಮ್ಮ ಬೇಲಿ ಗಡಿಯಿಂದ 8ರಿಂದ 12 ಅಡಿ ಹೊರಗಿತ್ತು. ಒಟ್ಟು ಮೂರು ಗುಂಟೆಗೆ ಸ್ವಲ್ಪ ಕಡಿಮೆ. ಕಲ್ಲಿನಾಚೆ, ಬೇಲಿಯೀಚೆ, ಒಂದು ಪೂರ್ತಿ ಸಾಲು ಅಡಿಕೆ ಮರ. ನಾನೇ ಎಣಿಸಿದೆ, 33. ಅವು ನನಗಿಂತ ಹಿರಿಯವು.

ಮೂಡಣ ಬದಿಗೆ ಇರುವುದು ಕೇರಿಗೆ ಹೋಗುವ ದಾರಿ. ಬೇಲಿ ಸವರುವ ಹಿರಿಯರ ಮನೆ ಇರುವುದೂ ಆ ಕೇರಿಯಲ್ಲೇ. ದಾರಿಯ ಆಚೆ ಧರೆ, ಕಡಿದಾದದ್ದು. ಆ ದಾರಿಯಲ್ಲಿ ಆಟೋ ಹೋಗುವುದಿಲ್ಲ. ಹೆರಿಗೆಗೆ, ಆಸ್ಪತ್ರೆಗೆ ಎಂದರೆ ಕುರ್ಚಿಯಲ್ಲಿ ಕೂರಿಸಿ ಹೊತ್ತುಕೊಂಡು ಟಾರು ರಸ್ತೆಗೆ ಬರಬೇಕು. ಮಲೆನಾಡಿನ ದಾರಿಗಳೇ ಹೀಗೆ, ಕಿರಿದು ಎಂದುಕೊಂಡು ನಾನು ಬೆಳೆದಿದ್ದೆ.

ಬೇಲಿ ಹೇಗೆ ನಡೆಯಿತು ಎಂದು ತಿಳಿಯಲು ಅವತ್ತು ಸಂಜೆ ಹಿರಿಯರ ಮನೆಗೆ ಹೋದೆ. ಅವರು ಮೊದಲು ಏನೂ ಹೇಳಲಿಲ್ಲ. ಕವಳ ಹಾಕಿ ಮುಗಿದ ಮೇಲೆ ಹೇಳಿದರು.

"ನಿಮ್ ಅಜ್ಜಯ್ಯ ಒಂದೇ ಮಾತು ಹೇಳಿದ್ದು ಸಣ್ಣಯ್ಯ. ಒಳಗೆ ಸವರು, ಹೊರಗೆ ಬಿಡು ಅಂತ. ನಾ ಹಂಗೇ ಮಾಡ್ದೆ."

ಉಪಾಯ ಅಷ್ಟು ಸರಳ. ತೋಟದ ಕಡೆಯ ಮೈಯನ್ನು ಪ್ರತಿ ವರ್ಷ ಬುಡದ ತನಕ ಸವರುವುದು. ದಾರಿಯ ಕಡೆಯ ರೆಂಬೆಯನ್ನು ಮುಟ್ಟದಿರುವುದು. ಹೊರಗಿನ ರೆಂಬೆ ಬಾಗಿ ನೆಲ ಮುಟ್ಟುತ್ತದೆ, ಮಳೆಗಾಲದಲ್ಲಿ ಮಣ್ಣು ಕೂತಲ್ಲಿ ಬೇರು ಬಿಡುತ್ತದೆ. ಸಂದು ಬಿದ್ದಲ್ಲಿ ತುಂಬಲು ಹೊಸ ಕೋಲು ನೆಡುವಾಗ ಹೊರಗಡೆಯಿಂದ ನೆಡುವುದು. ನಾಲ್ಕೈದು ವರ್ಷಕ್ಕೊಮ್ಮೆ ಒಳಗಿನ ಮುದಿ ಬುಡಗಳನ್ನು ಕಿತ್ತು ಹಾಕುವುದು. ಬೇಲಿ ಯಾವಾಗ ನೋಡಿದರೂ ಅಚ್ಚುಕಟ್ಟು. ಒಂದು ವರ್ಷಕ್ಕೆ ಒಂದು ಗೇಣು ನಡೆದರೂ ಯಾರ ಕಣ್ಣಿಗೂ ಬೀಳದು. ಕಲ್ಲು ಕೀಳಬೇಕಿಲ್ಲ, ಜಗಳ ಆಡಬೇಕಿಲ್ಲ, ಸುಳ್ಳು ಕಾಗದ ಬರೆಸಬೇಕಿಲ್ಲ. ನೆಂಟರು ಹೊಗಳುತ್ತಿದ್ದದ್ದು ಬೇಲಿಯ ಒಳಮೈಯನ್ನು. ಅದರ ಹೊರಮೈಯನ್ನು ದಿನಾ ನೋಡುತ್ತಿದ್ದವರು ಕೇರಿಯವರು.

"ನಿಮಗೆ ಗೊತ್ತಿರ್ಲಿಲ್ವ, ದಾರಿ ಸಣ್ಣ ಆಗ್ತಿದೆ ಅಂತ?" ಎಂದು ಕೇಳಿದೆ. ಕೇಳಿದ ಮೇಲೆ ನಾಚಿಕೆಯಾಯಿತು.

"ಗೊತ್ತಿಲ್ದೆ ಏನು. ನಾನೇ ಅಲ್ವ ಸವರಿದ್ದು" ಎಂದರು. ಸ್ವಲ್ಪ ಹೊತ್ತು ಬಿಟ್ಟು, "ಹೊರಗೆ ಬಿಟ್ಟಿದ್ದು ಸೊಪ್ಪಾಗ್ತಿತ್ತು. ಅದನ್ನ ನಮ್ಮ ಹೆಂಗಸ್ರು ಕೊಯ್ಕಂಡು ಹೋಗ್ತಿದ್ರು. ನಿಮ್ ಅಜ್ಜಯ್ಯ ಅದಕ್ಕೆ ಏನೂ ಅಂತಿರ್ಲಿಲ್ಲ" ಎಂದರು.

ಅಜ್ಜಯ್ಯನಿಗೆ ಗಡಿಯನ್ನು ಮುಂದೆ ತಳ್ಳಲು ಹೊರಗಿನ ರೆಂಬೆ ಬೆಳೆಯಬೇಕಿತ್ತು. ಕೇರಿಯ ಮನೆಗಳ ಕೊಟ್ಟಿಗೆಗೆ ಸೊಪ್ಪು ಬೇಕಿತ್ತು. ಬುಡ ಮುಟ್ಟದೆ ತುದಿ ಕೊಯ್ದುಕೊಂಡು ಹೋಗಲು ಅವರನ್ನು ಬಿಟ್ಟಿದ್ದರು. ಕೊಯ್ದಷ್ಟೂ ಅದು ದಟ್ಟವಾಯಿತು. ಸ್ವಂತ ಸೊಪ್ಪಿನ ಬೆಟ್ಟ ಇಲ್ಲದವರು ತಮ್ಮದೇ ದಾರಿಯನ್ನು ತಿನ್ನುತ್ತಿದ್ದ ಬೇಲಿಯಿಂದ ಸೊಪ್ಪು ತಂದರು. ಕೆಲವು ತಿಂಗಳ ಹಿಂದಾಗಿದ್ದರೆ ನಾನು ಇದನ್ನು ಅಂಚಿನ ಸಂಪನ್ಮೂಲದ ಹಂಚಿಕೆ ಎಂದೋ ಏನೋ ಬರೆದುಬಿಡುತ್ತಿದ್ದೆ. ಅದನ್ನು ಹಾಗೆ ಬರೆಯಲು ಈಗ ಆಗುವುದಿಲ್ಲ.

ಚರಿತ್ರೆ ಓದುವವನಾಗಿ ನನ್ನನ್ನು ಕಾಡುವುದು ಬೇರೊಂದು ಸಂಗತಿ. ಈ ನಲವತ್ತು ವರ್ಷದ ಚಲನೆಗೆ ಒಂದು ಕಾಗದವೂ ಇಲ್ಲ. ಪಹಣಿಯಲ್ಲಿ ನಮ್ಮ ವಿಸ್ತೀರ್ಣ ಅಷ್ಟೇ ಇದೆ. ತಕರಾರು ಅರ್ಜಿ ಇಲ್ಲ, ಸಾಕ್ಷಿ ಇಲ್ಲ, ತೀರ್ಪಿಲ್ಲ. ಕಡತಗಳನ್ನು ಮಾತ್ರ ನಂಬಿದರೆ ಇಲ್ಲಿ ಏನೂ ನಡೆದಿಲ್ಲ. ನಡೆದದ್ದಕ್ಕೆ ಆಕರ ಎಂದರೆ ಗೊಬ್ಬರದಡಿಯ ಎರಡು ಕಲ್ಲು, ಒಂದು ಸಾಲು ಅಡಿಕೆ ಮರ, ಒಬ್ಬರ ನೆನಪು. ಅಡಿಕೆ ಮರದ ಕಾಂಡದ ಮೇಲೆ ಸೋಗೆ ಬಿದ್ದ ಗುರುತುಗಳು ಉಂಗುರಗಳಾಗಿ ಉಳಿಯುತ್ತವೆ. ಅವುಗಳಿಂದ ಮರದ ವಯಸ್ಸನ್ನು ಹೆಚ್ಚುಕಡಿಮೆ ಅಂದಾಜು ಮಾಡಬಹುದು. ಬೇಲಿ ಆ ಜಾಗ ದಾಟಿದ್ದು ಯಾವಾಗ ಎಂದು ನನ್ನ ಮಟ್ಟಿಗೆ ಅಂದಾಜು ಮಾಡಿದ್ದು ಹಾಗೆಯೇ. ಮಲೆನಾಡಿನ ಎಷ್ಟು ತೋಟಗಳ ಕೊನೆಯ ಸಾಲುಗಳು ಹೀಗೆ ಓದಿಸಿಕೊಳ್ಳಲು ಕಾದಿವೆಯೋ.

ಮನೆಯಲ್ಲಿ ಹದಿನೈದು ದಿನ ಚರ್ಚೆ ನಡೆಯಿತು. ಬೇಲಿ ಇದ್ದಲ್ಲೇ ತಂತಿ ಎಳೆದು, ಆಮೇಲೆ ಸಕ್ರಮಕ್ಕೆ ಅರ್ಜಿ ಹಾಕೋಣ ಎಂದು ಚಿಕ್ಕಪ್ಪ ಫೋನಿನಲ್ಲಿ ಹೇಳಿದರು. ಎಲ್ಲರೂ ಮಾಡಿದ್ದೇ ಎಂದರು. ಅದು ಸುಳ್ಳೇನೂ ಅಲ್ಲ. ಅಪ್ಪ ಎರಡೂ ಕಡೆ ತೂಗುತ್ತಿದ್ದರು. ಅಜ್ಜಯ್ಯನ ಮೇಲೆ ಆರೋಪ ಹೊರಿಸಿದಂತಾಗುತ್ತದೆ ಎನ್ನುವುದು ಅವರ ಸಂಕಟ. 33 ಮರ ಎನ್ನುವುದೂ ಸಂಕಟವೇ. ಕೊನೆಗೆ ಮಾತಾಡಿದವರು ಅಮ್ಮ. "ಹೋದ ಮಳೆಗಾಲದಲ್ಲಿ ಆ ದಾರಿಲಿ ಬಾಣಂತಿನ ಹೊತ್ಕಂಡು ಬಂದಾಗ ನಾನು ಇಲ್ಲೇ ನಿಂತು ನೋಡ್ದೆ. ಒಬ್ರು ಜಾರಿ ಬಿದ್ರು. ಕಲ್ಲು ಸಿಕ್ಕಿದ್ಮೇಲೂ ಇನ್ನೂ ಎಂತಕೆ ಮಾತು?" ಎಂದು ಒಳಗೆ ಹೋದರು.

ತಂತಿ ಕಲ್ಲಿನ ಗೆರೆಯ ಮೇಲೆ ಬಂತು. ಮೇ ಕೊನೆಯ ವಾರ, ಮೊದಲ ಎರಡು ಮಳೆ ಬಿದ್ದ ಮೇಲೆ, ಮೂಡಣ ಬದಿಯ ಬೇಲಿಯನ್ನು ಕಿತ್ತೆವು. ಪಡುವಣ ಬದಿಯದನ್ನು ಬಿಸಿಲಿಗಾಗಿ ಉಳಿಸಿಕೊಂಡೆವು. ಕಿತ್ತ ಬೇಲಿಯ ಗೊಬ್ಬರದ ಗಿಡದ, ಹಾಲವಾಣದ ಕೋಲುಗಳನ್ನು ಕೇರಿಯವರು ಹೊತ್ತುಕೊಂಡು ಹೋದರು. ಹಿರಿಯರು ತಮ್ಮ ಹಿತ್ತಿಲಿಗೆ ಒಂದಷ್ಟು ನೆಟ್ಟರು. ಹಗ್ಗದ ಒಂದು ತುದಿ ಹಿಡಿದುಕೊಳ್ಳಲು ನನ್ನನ್ನು ಕರೆದರು. ಪಕ್ಕದ ಮನೆಯ ಹೆಂಗಸು ಬಾಗಿಲಲ್ಲಿ ನಿಂತು, "ಸ್ವಲ್ಪ ನಿಮ್ ಕಡೆಗೇ ಹಿಡೀರಿ ಮಾರಾಯ್ರೆ, ನಂಗೂ ಆ ಬದಿಯಿಂದ ಸೊಪ್ಪು ಕೊಯ್ಯಕ್ಕೆ ಬೇಕು" ಎಂದರು. ಹಿರಿಯರು ಹಗ್ಗವನ್ನು ಒಂದು ಅಡಿ ಒಳಗೆ ಸರಿಸಿಕೊಂಡರು.

ದಾರಿಯಲ್ಲಿ ಈಗ ಆಟೋ ಕಷ್ಟಪಟ್ಟು ಹೋಗುತ್ತದೆ. ಕಷ್ಟ ಯಾಕೆಂದರೆ ಆ 33 ಮರಗಳು ದಾರಿಗೂ ತಂತಿಗೂ ನಡುವೆ ಇನ್ನೂ ನಿಂತಿವೆ. ಅವನ್ನು ಕಡಿಯಬೇಕೆಂದು ಯಾರೂ ಹೇಳಿಲ್ಲ. ಮಳೆಗಾಲಕ್ಕೆ ಮುಂಚೆ ಅಪ್ಪ ಅವಕ್ಕೂ ಗೊಬ್ಬರ ಹಾಕಿಸಿದರು, ಆಮೇಲೆ ಹಾಕಿಸಬೇಕಿತ್ತೇ ಎಂದು ಕೇಳಿದರು. ನನಗೂ ಗೊತ್ತಾಗಲಿಲ್ಲ. ಕೊನೆಗಳು ಚೆನ್ನಾಗಿಯೇ ಬಂದಿವೆ. ಕೊಯ್ಲು ಹತ್ತಿರ ಬರುತ್ತಿದೆ, ಯಾರು ಕೊಯ್ಯಬೇಕು ಎನ್ನುವುದು ಇನ್ನೂ ತೀರ್ಮಾನವಾಗಿಲ್ಲ.